ಆವತಿ ಬೆಟ್ಟದ ಬುಡದ ಅಮೆಜಾನ್ ಮೀನು

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಹೆದ್ದಾರಿ ಹಿಡಿದು ಸುಮಾರು ಹತ್ತು ಕಿಲೋಮೀಟರ್ ಹೋದರೆ ಆವತಿ. ಬಸ್ಸಿನ ಕಿಟಕಿಯಿಂದಲೇ ಬಂಡೆ ಹೊತ್ತ ಬೆಟ್ಟ, ಅದರ ನೆತ್ತಿಯಲ್ಲಿ ತಿಮ್ಮರಾಯಸ್ವಾಮಿ ಗುಡಿ ಕಾಣುತ್ತವೆ. ಮನೆಯ ಹೆಣ್ಣುಮಗಳ ಮಾನ ಕಾಯಲು ಕಂಚಿಯ ಕಡೆಯಿಂದ ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಬಂದ ಕುಟುಂಬವೊಂದು ಕೊನೆಗೆ ಇಲ್ಲಿ ನೆಲೆ ನಿಂತಿತೆಂಬುದು ಐತಿಹ್ಯ. ರಣಭೈರೇಗೌಡನ ಆ ವಂಶದಿಂದಲೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಗಾರರು ಬಂದರು. ಯಲಹಂಕದ ಕೆಂಪೇಗೌಡರ ಮೂಲವನ್ನೂ ಇಲ್ಲಿಗೇ ಒಯ್ಯುತ್ತಾರೆ. ಒಂಬತ್ತನೇ ತರಗತಿಯ ಮಕ್ಕಳನ್ನು ಕರೆತರುವ ಮುನ್ನ ಒಮ್ಮೆ ಹತ್ತಿ ನೋಡೋಣವೆಂದು ಒಂದು ಭಾನುವಾರ ಹೊರಟೆ. ಆ ದಿನ ಬೆಟ್ಟ ಹತ್ತಲಾಗಲಿಲ್ಲ. ಅಡ್ಡ ಬಂದದ್ದು ಒಂದು ಮೀನು.

ಬಸ್ಸಿಳಿಯುತ್ತಿದ್ದಂತೆ ಹಳೆಯ ಶಿಷ್ಯನೊಬ್ಬ ಕೈ ಹಿಡಿದುಕೊಂಡ. ಅವನಿಗೀಗ ರಸ್ತೆ ಬದಿ ಹಾರ್ಡ್‌ವೇರ್ ಅಂಗಡಿ, ಹಿಂದೆಯೇ ಮನೆ. 'ಕಾಫಿ ಕುಡಿದು ಹತ್ತಿ ಸಾರ್' ಎಂದ. ಒಳಗೆ ಹೋದರೆ ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರೊಳಗೆ ಅಂಗೈಗಿಂತ ದೊಡ್ಡದಾದ ಒಂದೇ ಒಂದು ಆಸ್ಕರ್. ಅಮೆಜಾನ್ ಕಡೆಯ ಮೀನು, ಒಂದಡಿಯವರೆಗೂ ಬೆಳೆಯುತ್ತದೆ, ಅನ್ನ ಹಾಕುವವರನ್ನು ಗುರುತಿಸುತ್ತದೆ. ಈ ಸಲ ಎಸ್ಸೆಸ್ಸೆಲ್ಸಿ ಓದುತ್ತಿರುವ ಅವನ ಮಗಳು ಆರನೇ ತರಗತಿಯಿಂದ ಸಾಕಿದ್ದಂತೆ. ಹೆಸರು ಕರಿಯ.

ಕರಿಯ ಮೂಲೆಯಲ್ಲಿ ತಲೆ ಮೇಲೆ ಮಾಡಿ ನಿಂತಿತ್ತು. ಕಿವಿರು ಪಟಪಟನೆ ಬಡಿಯುತ್ತಿತ್ತು. ಹಣೆಯ ಮೇಲೆ ಗುಂಡುಸೂಜಿಯ ತಲೆಯಷ್ಟು ಐದಾರು ಗುಳಿಗಳು. ನೀರು ಮಾತ್ರ ನೀಲಿ! ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಿ ನೋಡಿದ್ದರು, ಗುಣವಾಗದಿದ್ದಾಗ ಹಳದಿಯದು, ಆಮೇಲೆ ಮತ್ತೆ ನೀಲಿ. ಎಷ್ಟು ಹಾಕಿದಿರಿ ಎಂದರೆ 'ಮುಚ್ಚಳದಲ್ಲಿ ಎರಡು' ಎಂದಳು ತಾಯಿ. ತೊಟ್ಟಿಯಲ್ಲಿ ನೀರೆಷ್ಟೆಂದು ಯಾರೂ ಲೆಕ್ಕ ಹಾಕಿರಲಿಲ್ಲ.

'ಕೆರೆಗೆ ಬಿಟ್ಬಿಡೋಣ ಅಂತಿದೀನಿ ಸಾರ್. ಬದುಕಿದ್ರೆ ಬದುಕಿಕೊಳ್ಳುತ್ತೆ' ಎಂದ ಶಿಷ್ಯ. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಮಾತಿಲ್ಲ. ಹಾಗೆ ಮಾಡಬೇಡಪ್ಪಾ ಎಂದೆ. ಹೀಗೆ ಹೊರಗಿನಿಂದ ತಂದ ಆಫ್ರಿಕನ್ ಕ್ಯಾಟ್‌ಫಿಶ್, ಗಾಜು ನೆಕ್ಕುವ ಸಕ್ಕರ್ ಮೀನುಗಳು ಇಂದು ಬೆಂಗಳೂರಿನ ಕೆರೆಗಳಲ್ಲಿ ತುಂಬಿವೆ. ರೋಗದ ಮೀನಾದರೆ ರೋಗವನ್ನೂ ಕೆರೆಗೆ ಕೊಟ್ಟಂತೆ.

ಇಷ್ಟು ಹೇಳಿದ ಮೇಲೆ ಎದ್ದು ಹೋಗುವುದು ಹೇಗೆ? ಚಪ್ಪಲಿ ಬಿಟ್ಟು ಕುಳಿತೆ.

ರೋಗಪತ್ತೆಯಲ್ಲಿ ಕಣ್ಣಿಗೆ ಮೊದಲು ಬೀಳುವುದೇ ಕಾರಣವಾಗಿರಬೇಕಿಲ್ಲ. ಹುಣ್ಣು ರೋಗವೆಂದು ಹೆಸರಾದ ಮೀನಿನ ಪಿಡುಗು 1971ರಲ್ಲಿ ಜಪಾನಿನಲ್ಲಿ ಮೊದಲು ಕಂಡಿತು, 1988ರಲ್ಲಿ ಭಾರತಕ್ಕೆ ಬಂತು. ಹುಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಧಾರಾಳವಾಗಿ ಸಿಗುತ್ತಿದ್ದುದರಿಂದ ಬಹುಕಾಲ ಅವುಗಳ ಮೇಲೂ ಗುಮಾನಿಯಿತ್ತು. ಮಾಂಸದೊಳಕ್ಕೆ ಎಳೆ ಬಿಟ್ಟುಕೊಂಡು ಹೋಗುವ ಅಫನೊಮೈಸಿಸ್ ಎಂಬ ಬೂಷ್ಟಿನಂಥ ಜೀವಿಯೇ ಮೂಲವೆಂದು ಆಮೇಲೆ ಖಚಿತವಾಯಿತು. ಕರಿಯನ ಹಣೆಯ ಗುಳಿಗಳನ್ನು ಬಿಟ್ಟು ಮೊದಲು ನೀರನ್ನೇ ಕೇಳೋಣವೆಂದೆ.

ತೊಟ್ಟಿಯ ಜೊತೆ ಬಂದಿದ್ದ ಪರೀಕ್ಷಾ ಪೆಟ್ಟಿಗೆ ಒಡೆಯದೇ ಕಪಾಟಿನಲ್ಲಿತ್ತು; ಪುಣ್ಯಕ್ಕೆ ಅವಧಿ ಮುಗಿದಿರಲಿಲ್ಲ. ಒಂದೇ ಕಷ್ಟ: ನೀಲಿ ನೀರಿನಲ್ಲಿ ಬಣ್ಣದ ಪರೀಕ್ಷೆ ಮಾಡುವುದೆಂತು? ಮೂರನೇ ಒಂದು ಪಾಲು ನೀರು ಬದಲಿಸಿ, ಅಂಗಡಿಯಿಂದ ಇದ್ದಿಲಿನ ಪುಡಿ ತರಿಸಿ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟೆವು. ಊಟದ ಹೊತ್ತು ಮೀರಿ ಬಣ್ಣ ತಿಳಿಯಾಯಿತು. ಅಮೋನಿಯಾದ ನಳಿಕೆ ಕಡು ಹಸಿರಿಗೆ ತಿರುಗಿತು. ಪಿಎಚ್ 8ರ ಹತ್ತಿರ.

'ತೊಟ್ಟಿಯನ್ನು ಈಚೆಗೆ ತೊಳೆದಿರಾ?' ಎಂದು ಕೇಳಿದೆ. ಹಬ್ಬಕ್ಕೆ ನೆಂಟರು ಬರುತ್ತಾರೆಂದು ತಾಯಿ ಕಲ್ಲು, ಗಾಜು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದರು. ಬಂದ ನೆಂಟರು ಆಸೆಗೆ ಕೋಳಿ ಈಲಿ ಹಾಕಿ ಹೋಗಿದ್ದರು. ಆಕೆಯನ್ನು ದೂರಲು ನನಗೆ ನಾಲಗೆ ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇನ್‌ಸ್ಪೆಕ್ಷನ್ನಿಗೆಂದು ಶಾಲೆಯ ಮೀನಿನ ತೊಟ್ಟಿಯನ್ನು ನಾನೂ ಹೀಗೇ ಲಕಲಕ ಹೊಳೆಯುವಂತೆ ಮಾಡಿದ್ದೆ. ಸಾಹೇಬರು ಬರುವ ಹೊತ್ತಿಗೆ ನಾಲ್ಕು ಗೋಲ್ಡ್‌ಫಿಶ್ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬಿಎಸ್ಸಿ, ಬಿ.ಇಡಿ. ಎರಡೂ ಅಂದು ಜೊತೆಗಿದ್ದವು.

ಮೀನಿನ ಕಿವಿರಿನಿಂದ, ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಸ್ಪಂಜಿನ ಲೋಳೆಯಲ್ಲಿರುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಕೊನೆಯದು ಹೆಚ್ಚು ಅಪಾಯಕಾರಿಯಲ್ಲ. ನಾವು ಕೊಳೆ ಎಂದು ತೊಳೆಯುವುದು ಈ ಕೆಲಸಗಾರರನ್ನೇ. ಅವು ಮತ್ತೆ ಬೆಳೆಯಲು ವಾರಗಳೇ ಬೇಕು. ನಮ್ಮ ಗಡಸು ಬೋರ್‌ವೆಲ್ ನೀರಿನದು ಇನ್ನೊಂದು ತೊಡಕು. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡಾ ಒಂದಕ್ಕೂ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇಕಡಾ 5 ದಾಟುತ್ತದೆ.

ಲೆಕ್ಕವನ್ನು ಹುಡುಗಿಯಿಂದಲೇ ಮಾಡಿಸಿದೆ. 4 ಅಡಿ, 1.5 ಅಡಿ, 1.5 ಅಡಿ: 9 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್‌ನಂತೆ 255 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 220. ಲೀಟರಿಗೆ ಒಂದು ಗ್ರಾಮಿನಂತೆ 220 ಗ್ರಾಂ ಕಲ್ಲುಪ್ಪು, ಕರಗಿಸಿ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ. 'ಉಪ್ಪು ಯಾಕೆ ಸಾರ್?' ಎಂದಳು. ಮುಂದೆ ನೈಟ್ರೈಟ್ ಏರುತ್ತದೆ, ಅದು ರಕ್ತ ಸೇರಿದರೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಊಟ ಬಂದ್. ಬಣ್ಣದ ಔಷಧಿ ಬಂದ್. ದಿನವೂ ಕಾಲು ಭಾಗ ನೀರು ಬದಲು. ಹೊಸ ನೀರು ಹಿಂದಿನ ರಾತ್ರಿಯಿಂದ ಡ್ರಮ್ಮಿನಲ್ಲಿ ಗಾಳಿ ಗುಳ್ಳೆ ಕುಡಿದಿರಬೇಕು. ಅದರ ಹೊಣೆ ಅಪ್ಪನಿಗೆ.

ಎರಡನೇ ಭಾನುವಾರ ಹೋದಾಗ ಕಿವಿರಿನ ಬಡಿತ ಇಳಿದಿತ್ತು, ಗುಳಿಗಳು ಹಾಗೇ ಇದ್ದವು. ಮುಟ್ಟಿದ ಆಹಾರ ಉಗುಳುತ್ತಿತ್ತು, ಮಲ ಬಿಳಿ ದಾರದಂತೆ. ತಾಜಾ ಮಲದ ಒಂದು ಹನಿಯನ್ನು ನಾನು ಒಯ್ದಿದ್ದ ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದೆವು. ಬಾಲವುಳ್ಳ ಸಣ್ಣ ಜೀವಿಗಳು ಸರಸರ ಓಡಾಡುತ್ತಿದ್ದವು. ಹುಡುಗಿ ಕಣ್ಣು ಕೀಳಲಿಲ್ಲ. ಆಸ್ಕರ್‌ಗಳ ತಲೆಗುಳಿ ರೋಗಕ್ಕೂ ಸ್ಪೈರೊನ್ಯೂಕ್ಲಿಯಸ್ ಎಂಬ ಇಂಥ ಕರುಳುಜೀವಿಗೂ ನಂಟು ಹೇಳುತ್ತಾರೆ. ಕೆಟ್ಟ ನೀರು, ಪೋಷಕಾಂಶದ ಕೊರತೆಯನ್ನೂ ಹೇಳುತ್ತಾರೆ. ಅದೇ ಎಂದು ಹೆಸರಿಡುವುದು, ಮದ್ದು ಬರೆಯುವುದು ಮೇಷ್ಟ್ರ ಕೆಲಸವಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಮೀನು ಬಲ್ಲ ಪಶುವೈದ್ಯರೊಬ್ಬರಿಗೆ ತೋರಿಸಲು ಅಪ್ಪ ಮಗಳು ಬೆಂಗಳೂರಿಗೆ ಹೋದರು. ಅವರು ಕೇಳಿದ ಮೊದಲ ಪ್ರಶ್ನೆ, ನೀರೆಷ್ಟು ಲೀಟರ್? 220 ಎಂದಳಂತೆ. ಮೀನು ತಿನ್ನದಿದ್ದುದರಿಂದ ನೀರಿಗೇ ಹಾಕುವಂತೆ ಅಳತೆ ಮಾಡಿ ಮೆಟ್ರೊನಿಡಜೋಲ್ ಬರೆದುಕೊಟ್ಟರು. ಔಷಧಿಯನ್ನು ಹೀರಿಬಿಡುವ ಇದ್ದಿಲನ್ನು ಮೊದಲು ತೆಗೆಯಬೇಕೆಂದು ಹೇಳಲು ನಾನು ಮರೆತಿದ್ದೆ. ಅವರು ಮರೆಯಲಿಲ್ಲ.

ಮೂರನೇ ಸಲ ಹೋದದ್ದು ತಿಂಗಳ ಮೇಲೆ, ಮಕ್ಕಳ ಜೊತೆ. ಅಮೋನಿಯಾದ ನಳಿಕೆ ಹಳದಿಯಾಗಿಯೇ ಉಳಿದಿತ್ತು. ಕರಿಯ ಗಾಜಿನ ಬಳಿ ಬಂದು ನಮ್ಮ ಹುಡುಗರ ಬೆರಳನ್ನು ಹಿಂಬಾಲಿಸಿತು. ಗುಳಿಗಳು ಮುಚ್ಚುತ್ತ ಬಂದಿದ್ದವು, ಎರಡರ ಕಲೆ ಮಾತ್ರ ಹಾಗೇ ಉಳಿಯುವಂತಿತ್ತು. ಸ್ಪಂಜನ್ನು ಈಗ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡುತ್ತಾರೆ. ಬಕೆಟ್ಟಿನ ಮೇಲೆ 'ಸೋಪು ಮುಟ್ಟಿಸಬಾರದು' ಎಂದು ಹುಡುಗಿ ಬರೆದಿದ್ದಳು.

ಆಮೇಲೆ ಬೆಟ್ಟ ಹತ್ತಿದೆವು, ಅವಳೂ ಬಂದಳು. ಗುಡಿಯ ಪಕ್ಕದ ಬಂಡೆಯ ಮೇಲೆ ನಿಂತರೆ ಒಂದು ಕಡೆ ನಂದಿಬೆಟ್ಟ, ಇನ್ನೊಂದು ಕಡೆ ವಿಮಾನಗಳು ಇಳಿಯುತ್ತಿದ್ದವು. ದೂರದಲ್ಲಿ ಹೊಳೆಯುತ್ತಿದ್ದ ಒಂದು ಕೆರೆಯನ್ನು ಬೆರಳು ಮಾಡಿ ತೋರಿಸಿದಳು. 'ಅಪ್ಪ ಅವತ್ತು ಅಲ್ಲಿಗೇ ಬಿಡೋಕೆ ಹೊರಟಿದ್ದು ಸಾರ್.'