ವಿಳಂಬ

ಕಾವ್ಯನಾಟಕಗಳ ಪಾಠದಲ್ಲಿ ಆಯುಷ್ಯವನ್ನು ಕಳೆದವನಿಗೆ ಚಲಚ್ಚಿತ್ರವೆಂದರೆ ಅಷ್ಟಕ್ಕಷ್ಟೆ. ಪಾಠಶಾಲೆಯ ನಮ್ಮ ಗುರುಗಳು ಅದನ್ನು ‘ನೆರಳಿನ ಕುಣಿತ’ವೆಂದು ಕರೆದು ಮಾತು ಮುಗಿಸುತ್ತಿದ್ದರು. ಆದರೂ ಒಂದು ಚಿತ್ರಕ್ಕಾಗಿ ನಾನು ಮೂರು ತಿಂಗಳು ಅಲೆದೆನು. ನೋಡಿದ ರಾತ್ರಿ, ನೋಡದೆ ಇದ್ದಿದ್ದರೆ ಸುಖವಾಗಿ ನಿದ್ರಿಸುತ್ತಿದ್ದೆನಲ್ಲಾ ಎಂದು ಹೊರಳಾಡಿದೆನು. ಆ ಪ್ರಸಂಗವನ್ನು ವಾಚಕರಲ್ಲಿ ನಿವೇದಿಸುತ್ತೇನೆ.

೨೦೧೧ನೆಯ ಇಸವಿಯ ಬೇಸಗೆ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಇಂಜಿನಿಯರನಾಗಿದ್ದ ಹಳೆಯ ಶಿಷ್ಯನೊಬ್ಬನು ರಜೆಯಲ್ಲಿ ಊರಿಗೆ ಬಂದಿದ್ದವನು ನಮ್ಮ ಮನೆಗೂ ಬಂದನು. “ಮೇಷ್ಟ್ರೇ, ಮೃಚ್ಛಕಟಿಕದ ನ್ಯಾಯಸ್ಥಾನದ ಕಥೆಯನ್ನು ನೀವು ನಮಗೆ ಹೇಳಿದ್ದು ಇನ್ನೂ ಜ್ಞಾಪಕವಿದೆ. ನಾನಿರುವ ಊರಿನದೂ ಒಂದು ಕಥೆಯಿದೆ. ‘ಚೈನಾಟೌನ್’ ಎಂದು ಸಿನಿಮಾ, ೧೯೭೪ರದು. ಮೇಲೆ ಕೊಲೆಯ ಕಥೆ, ಒಳಗೆ ನೀರಿನ ಕಥೆ. ನೀವು ನೋಡಲೇಬೇಕು” ಎಂದನು.

ನಮ್ಮ ಪಟ್ಟಣದ ಬಸ್ಸು ನಿಲ್ದಾಣದ ಹಿಂದೆ ಆಗ ಸಿ.ಡಿ.ಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದಿದ್ದಿತು. ಐನೂರು ರೂಪಾಯಿ ಠೇವಣಿ. ಎರಡು ದಿನಕ್ಕೆ ಮೂವತ್ತು ರೂಪಾಯಿ. ಠೇವಣಿ ಕಟ್ಟಿ ಕೇಳಿದರೆ, “ಹೊರಗೆ ಹೋಗಿದೆ ಸಾರ್, ಸೋಮವಾರ ಬನ್ನಿ” ಎಂದನು ಅಂಗಡಿಯ ಹುಡುಗ. ಸೋಮವಾರಗಳು ನಾಲ್ಕು ಕಳೆದುವು. ಕೊಂಡುಹೋದ ಮಹಾಶಯನಿಗೆ ವರ್ಗವಾಗಿ, ಚಿತ್ರವೂ ಅವನ ಸಾಮಾನಿನೊಡನೆ ಪ್ರಯಾಣ ಮಾಡಿದ್ದಿತು. ಬೆಂಗಳೂರಿನಿಂದ ಬೇರೊಂದನ್ನು ತರಿಸಿದರು. ಮನೆಗೆ ತಂದು ತೆರೆದರೆ ಚೀನಾ ದೇಶದ ಮುಷ್ಟಿಯುದ್ಧದ ಚಿತ್ರ! ಮೂರನೆಯ ಸಲ ಸರಿಯಾದುದೇ ಬಂದಿತು. ಮುಕ್ಕಾಲು ಗಂಟೆ ನಡೆದು, ಕಥಾನಾಯಕನ ಮೂಗಿಗೆ ಕತ್ತಿಯ ಮೊನೆ ತಗುಲುವಲ್ಲಿ ಗೀಚಿದ ತಟ್ಟೆ ನಿಂತುಹೋಯಿತು. ಆ ಮೂಗು ನನ್ನ ಕಣ್ಣ ಮುಂದೆ ಹದಿನೈದು ದಿನ ಹಾಗೆಯೇ ನಿಂತಿದ್ದಿತು.

ಅಂದು ನನಗೆ ಸಿಟ್ಟು ತಡೆಯಲಾಗಲಿಲ್ಲ. “ಆಡಿದ ಮಾತನ್ನು ಆಡಿದ ಹೊತ್ತಿಗೆ ನಡೆಸಲಾರದವನಿಗೆ ಅಂಗಡಿಯೇತಕ್ಕೆ?” ಎಂದು ನಾಲ್ಕು ಜನರೆದುರು ಗದರಿಸಿದೆನು. ಹುಡುಗನು ತಲೆತಗ್ಗಿಸಿದನು. ಅವನು ನನ್ನ ಶಾಲೆಯಲ್ಲಿ ಓದಿದವನೇ ಎಂಬುದು ಆಮೇಲೆ ತಿಳಿಯಿತು.

ಕಡೆಗೆ ಶ್ರಾವಣದಲ್ಲಿ ಒಂದು ರಾತ್ರಿ ಚಿತ್ರವು ಪೂರ್ತಿಯಾಗಿ ಓಡಿತು. ನಿರ್ದೇಶಕ ರೋಮನ್ ಪೊಲಾನ್ಸ್ಕಿ. ಕಥೆಯನ್ನು ಬರೆದವನು ರಾಬರ್ಟ್ ಟೌನ್. ೧೯೩೭ರ ಲಾಸ್ ಏಂಜಲೀಸ್. ಊರಿಗೆ ಊರೇ ಬಾಯಾರಿರುವಾಗ ರಾತ್ರಿಯಲ್ಲಿ ಯಾರೋ ನೀರನ್ನು ಸಮುದ್ರಕ್ಕೆ ಬಿಡುತ್ತಿರುವರು. ಕಣಿವೆಯ ರೈತರು ನೀರಿಲ್ಲದೆ ಹೊಲಗಳನ್ನು ಅಗ್ಗಕ್ಕೆ ಮಾರುತ್ತಿರುವರು. ಹೊಸ ಅಣೆಕಟ್ಟನ್ನು ಬೇಡವೆಂದ ಮುಖ್ಯ ಇಂಜಿನಿಯರನು ಅನಾವೃಷ್ಟಿಯ ಕಾಲದಲ್ಲಿ ನೀರಿನಲ್ಲಿ ಮುಳುಗಿ ಸತ್ತಿರುವನು. ಅವನ ಶ್ವಾಸಕೋಶದಲ್ಲಿ ಉಪ್ಪುನೀರು. ಇದನ್ನು ಶೋಧಿಸುವವನು ಗಂಡಹೆಂಡಿರ ಗುಟ್ಟುಗಳನ್ನು ಹುಡುಕಿ ಹೊಟ್ಟೆ ಹೊರೆಯುವ ಗಿಟ್ಟಿಸ್ ಎಂಬ ಖಾಸಗಿ ಪತ್ತೇದಾರ. ಧೀರೋದಾತ್ತನೇ ಮೊದಲಾದ ನಾಲ್ಕು ಬಗೆಯ ನಾಯಕರನ್ನು ದಶರೂಪಕದಲ್ಲಿ ಓದಿದ್ದ ನನಗೆ, ಮೂಗಿಗೆ ಪಟ್ಟಿ ಕಟ್ಟಿಕೊಂಡು ಅರ್ಧ ಕಥೆ ತಿರುಗುವ ನಾಯಕನನ್ನು ಯಾವ ವರ್ಗಕ್ಕೆ ಸೇರಿಸಬೇಕೋ ತಿಳಿಯಲಿಲ್ಲ.

ಕಥೆ ಕಲ್ಪಿತವಾದರೂ ಬೇರು ನೆಲದಲ್ಲಿದೆ. ಆ ನಗರವು ೧೯೧೩ರಲ್ಲಿ ಇನ್ನೂರು ಮೈಲಿಗೂ ಆಚೆಯ ಓವೆನ್ಸ್ ಕಣಿವೆಯ ನೀರನ್ನು ಕಾಲುವೆಯಲ್ಲಿ ತಂದಿತು. ಹೊಟ್ಟೆಯುರಿದ ಕಣಿವೆಯವರು ೧೯೨೪ರಲ್ಲಿ ಅದಕ್ಕೆ ಸಿಡಿಮದ್ದಿಟ್ಟರು. ಆ ಕಾಲುವೆಯನ್ನು ಕಟ್ಟಿಸಿದ ವಿಲಿಯಂ ಮುಲ್ಹಾಲೆಂಡನು ೧೯೨೮ರ ಮಾರ್ಚಿ ೧೨ರಂದು ಸೇಂಟ್ ಫ್ರಾನ್ಸಿಸ್ ಅಣೆಕಟ್ಟಿನಲ್ಲಿ ನೀರು ಜಿನುಗುವುದನ್ನು ನೋಡಿ, ಭಯವಿಲ್ಲವೆಂದು ಹೇಳಿ ಹಿಂತಿರುಗಿದನು. ಅದೇ ರಾತ್ರಿ ಕಟ್ಟೆಯೊಡೆದು ನಾನೂರಕ್ಕೂ ಹೆಚ್ಚು ಮಂದಿ ಸತ್ತರು. ತಪ್ಪು ತನ್ನದೇ ಎಂದು ಅವನು ಒಪ್ಪಿಕೊಂಡನು. ಒಪ್ಪಿಕೊಂಡುದು ದೊಡ್ಡತನ, ಆದರೆ ನೀರು ಹರಿದುಹೋಗಿದ್ದಿತು.

ಮೃಚ್ಛಕಟಿಕದಲ್ಲಿಯೂ ದೊಡ್ಡವರ ಬಂಧುವೊಬ್ಬನುಂಟು. ರಾಜನ ಮೈದುನನಾದ ಶಕಾರನು ವಸಂತಸೇನೆಯ ಕುತ್ತಿಗೆ ಹಿಸುಕಿ, ಕೊಲೆಯನ್ನು ಚಾರುದತ್ತನ ತಲೆಗೆ ಕಟ್ಟುವನು. ನ್ಯಾಯಾಧಿಕಾರಿಯು ಅವನ ಫಿರ್ಯಾದನ್ನು ಅಂದು ಕೇಳಲೊಲ್ಲದೆ ಇದ್ದವನು, ಕೆಲಸ ಹೋದೀತೆಂಬ ಬೆದರಿಕೆಗೆ ಅಂಜಿ ಒಪ್ಪುವನು. ಆದರೆ ಸತ್ತಳೆಂದುಕೊಂಡ ವಸಂತಸೇನೆ ವಧ್ಯಸ್ಥಾನಕ್ಕೆ ಸಕಾಲದಲ್ಲಿ ಓಡಿಬರುವಳು. ಮೂವತ್ತು ವರುಷ ಆ ಸಂದರ್ಭವನ್ನು ಬಣ್ಣಿಸುವಾಗಲೆಲ್ಲ ಮಕ್ಕಳು ಚಪ್ಪಾಳೆ ತಟ್ಟಿದ್ದರು. ಸತ್ಯವು ಬಂದೇ ಬರುವುದೆಂದು ಹೇಳಿ ನಾನು ಪುಸ್ತಕ ಮುಚ್ಚುತ್ತಿದ್ದೆನು.

ಈ ಚಿತ್ರದಲ್ಲಿಯೂ ಸತ್ಯವು ಬರುವುದು; ಆದರೆ ತಡವಾಗಿ. ಇಂಜಿನಿಯರನ ಹೆಂಡತಿಯನ್ನೇ ಸಂಶಯಿಸಿ ಗಿಟ್ಟಿಸನು ಪೋಲೀಸರಿಗೆ ಹೇಳಿಕಳುಹಿಸುವನು. ಆಮೇಲೆ ಅವಳ ಬಾಯಿಂದ ನಿಜ ಹೊರಡುವುದು. ತಂದೆಯೆಂಬ ಶಬ್ದಕ್ಕೆ ಕಳಂಕ ತರುವ ಆ ನಿಜವನ್ನು ಇಲ್ಲಿ ಬರೆಯಲಾರೆನು. ತಪ್ಪು ತಿಳಿಯುವ ವೇಳೆಗೆ ಪೋಲೀಸರು ಹೊರಟಾಗಿದೆ. ಕೊನೆಗೆ ಅವಳು ಗುಂಡಿಗೆ ಬಲಿಯಾಗುವಳು. ಕೊಲೆಗಾರನಾದ ಧನಿಕ ಮುದುಕನು ಅವಳ ಮಗಳನ್ನು ತೋಳಿನಲ್ಲಿ ಅವುಚಿಕೊಂಡು ಹೋಗುವನು. ಟೌನನು ಇಷ್ಟು ಕ್ರೂರವಾದ ಮುಕ್ತಾಯವನ್ನು ಬಯಸಿರಲಿಲ್ಲವಂತೆ. ಹಟ ಹಿಡಿದವನು ಪೊಲಾನ್ಸ್ಕಿ.

ಆದರೆ ನನ್ನ ನಿದ್ರೆಯನ್ನು ಕೆಡಿಸಿದುದು ಕೊನೆಯಲ್ಲ, ನಡುವಿನ ಒಂದು ದೃಶ್ಯ. ಕಣಿವೆಯ ನೆಲವನ್ನೆಲ್ಲ ಕೊಂಡವರಾರು ಎಂದು ದಾಖಲೆ ನೋಡಿದರೆ ವೃದ್ಧಾಶ್ರಮದ ಮುದುಕ ಮುದುಕಿಯರ ಹೆಸರುಗಳು. ತಮ್ಮ ಹೆಸರಿನಲ್ಲಿ ನೆಲವಿರುವುದು ಅವರಿಗೇ ತಿಳಿಯದು.

೨೦೦೨ರಲ್ಲಿ ನಮ್ಮೂರ ಕೆರೆಯ ನೀರುಗಂಟಿ ಒಂದು ಕಾಗದವನ್ನು ಮಡಿಸಿಕೊಂಡು ನಮ್ಮ ಜಗಲಿಗೆ ಬಂದಿದ್ದನು. “ಹೆಬ್ಬೆಟ್ಟು ಒತ್ತಿಸ್ಕೊಂಡವ್ರೆ. ಏನು ಬರೆದೈತೆ ನೋಡಿ ಸ್ವಾಮಿ” ಎಂದನು. ಓದಿದೆನು. ಕೆರೆಯಂಗಳದ ಎರಡು ಎಕರೆ ಅವನ ಹಿರಿಯರಿಂದ ಬಂದ ಜಮೀನೆಂದೂ, ಅದನ್ನು ಅವನು ಮಾರಿರುವನೆಂದೂ ಬರೆದಿದ್ದಿತು. ಅವನಿಗೆ ಗೇಣು ನೆಲವಿರಲಿಲ್ಲ. ಕೊಂಡವರ ಹೆಸರನ್ನು ನೋಡಿದೆನು. ನನ್ನ ಕೆಲಸವು ಅವರ ಕೈಯಲ್ಲಿದ್ದಿತು. “ಬಿಡುವಾಗಿ ನೋಡಿ ಹೇಳುತ್ತೇನೆ” ಎಂದೆನು. ಅವನು ಮತ್ತೆರಡು ಸಲ ಬಂದನು, ಆಮೇಲೆ ಬರಲಿಲ್ಲ. ೨೦೦೯ರಲ್ಲಿ ತೀರಿಕೊಂಡನು.

ಚಿತ್ರ ನೋಡಿದ ಮಾರನೆಯ ಬೆಳಗ್ಗೆ ಅವನ ಮಗನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆನು. ಅವನು ಸಿಟ್ಟಾಗಲಿಲ್ಲ. “ಅಪ್ಪಂಗೆ ಗೊತ್ತಿತ್ತು ಸಾರ್. ಮೇಷ್ಟ್ರು ಓದಿ ಸುಮ್ಮನಾದಾಗಲೇ ತಿಳೀತು ಅಂತಿದ್ದ” ಎಂದನು.

ಅರ್ಜಿ ಬರೆದೆವು, ಸಾಕ್ಷಿಯೆಂದು ನಾನು ರುಜು ಹಾಕಿದೆನು. ತಾಲ್ಲೂಕು ಕಚೇರಿಗೆ ಎಷ್ಟೋ ಸಲ ಅಲೆದೆವು. ಇಂದು ಕೆರೆಯಂಗಳದಲ್ಲಿ ಮನೆಗಳೆದ್ದಿವೆ. ಮಳೆಗಾಲದಲ್ಲಿ ಅವುಗಳೊಳಗೆ ನೀರು ನುಗ್ಗುವುದು.

ತಟ್ಟೆಯನ್ನು ಹಿಂದಿರುಗಿಸಲು ಹೋದಾಗ ಗಡುವು ಮೂರು ದಿನ ಮೀರಿದ್ದಿತು. ದಂಡವೆಷ್ಟೆಂದು ಕೇಳಿದೆನು. “ಬೇಡಿ ಸಾರ್, ನಮ್ಮಿಂದಲೂ ತಡವಾಗಿತ್ತಲ್ಲ” ಎಂದನು ಹುಡುಗ. ಅಂದು ಗದರಿಸಿದುದಕ್ಕೆ ಕ್ಷಮಿಸಬೇಕೆಂದು ಹೇಳಿ, ಹಣವನ್ನು ಎಣಿಸಿ ಮೇಜಿನ ಮೇಲಿಟ್ಟು ಬಂದೆನು.