ಗಾಳ ಹಾಕುವ ಮೀನು

ಕೆಮ್ಮಣ್ಣುಗುಂಡಿಗೆ ಹೋಗಿಬಂದವರು ಝಡ್ ಪಾಯಿಂಟ್, ಹೆಬ್ಬೆ ಜಲಪಾತದ ಬಗ್ಗೆ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಸಮುದ್ರದ ಮೀನಿನ ಬಗ್ಗೆ. 1,434 ಮೀಟರ್ ಎತ್ತರದಲ್ಲಿ ಅದರ ಪರಿಚಯವಾಯಿತು! ಹೊರಗೆ ಹತ್ತು ಮಾರು ದೂರದ ಮರವೂ ಕಾಣದಷ್ಟು ಮಂಜು. ಅತಿಥಿಗೃಹದಲ್ಲಿ ಕುಳಿತು, ಮೊಮ್ಮಗಳು ಊರಿನಲ್ಲೇ ಮೊಬೈಲಿಗೆ ಇಳಿಸಿಕೊಂಡಿದ್ದ ವಿಡಿಯೊ ನೋಡುವುದಷ್ಟೇ ಕೆಲಸ.

"ತಾತ, ಇದರಲ್ಲಿ ಮೀನು ಎಲ್ಲಿದೆ ಹೇಳು?"

ನನಗೆ ಕಂಡದ್ದು ಒಂದು ಹಳದಿ ಕಲ್ಲು. ಆ ಕಲ್ಲೇ ಬಾಯಿ ತೆರೆಯಿತು.

ವಾರ್ಟಿ ಫ್ರಾಗ್‌ಫಿಷ್ ಅಂತೆ. ನಾವು ಕಪ್ಪೆಮೀನು ಎನ್ನೋಣ. ಮೈತುಂಬ ನರಹುಲಿಯಂಥ ಗಂಟುಗಳು. ಹಿಂದೂ ಮಹಾಸಾಗರ, ಪೆಸಿಫಿಕ್ ಸಾಗರಗಳ ಬೆಚ್ಚನೆಯ, ಆಳವಿಲ್ಲದ ನೀರಿನ ತಳದಲ್ಲಿ ಹವಳಗಳ ನಡುವೆ ಕೂತಿರುತ್ತದೆ. ಗೇಣುದ್ದವೂ ಇಲ್ಲ. ಈಜುವುದಕ್ಕಿಂತ ರೆಕ್ಕೆ ಊರಿ ನಡೆಯುವುದೇ ಹೆಚ್ಚು. ಬೆನ್ನಿನ ಮೊದಲ ಮುಳ್ಳೇ ಹಣೆಯ ಮೇಲೆ ಗಾಳದ ಕಡ್ಡಿಯಾಗಿದೆ. ಅದರ ತುದಿಯಲ್ಲಿ ಪುಟ್ಟ ಮೀನಿನಂತೆ ಕಾಣುವ ಚರ್ಮದ ಚೂರು. ಅದನ್ನು ಆಡಿಸುತ್ತಾ ಕಾಯುತ್ತದೆ. ತಿನ್ನಲು ಬಂದ ಮೀನು ಇದರ ಬಾಯಿ ಸೇರಲು ಒಂದು ಸೆಕೆಂಡಿನ 1,000 ಪಾಲಿನಲ್ಲಿ 6 ಪಾಲು ಸಾಕು! ತನ್ನಷ್ಟೇ ಉದ್ದದ ಮೀನನ್ನೂ ನುಂಗಬಲ್ಲದು. ಯಾವುದಾದರೂ ಮೀನು ಗಾಳದ ತುದಿಯನ್ನೇ ಕಚ್ಚಿಕೊಂಡು ಹೋದರೆ ಅದು ಮತ್ತೆ ಬೆಳೆಯುತ್ತದೆ. ಕೂತ ಜಾಗಕ್ಕೆ ತಕ್ಕಂತೆ ಕೆಲವು ವಾರಗಳಲ್ಲಿ ಮೈಬಣ್ಣವನ್ನೂ ಬದಲಿಸಿಕೊಳ್ಳುತ್ತದೆ.

"ಇದು ಮೋಸ ಅಲ್ವಾ ತಾತ?"

ಮೂವತ್ತು ವರ್ಷ ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ನೋಡಿದವನನ್ನು ಕೇಳಬೇಕಾದ ಪ್ರಶ್ನೆಯೇ. ಮೀನಿನದು ಹಸಿವು ಪುಟ್ಟಿ, ಮೋಸವೇನಿದ್ದರೂ ನಮ್ಮ ಜನರದು ಎಂದೆ. ಆದರೆ ಸಿಕ್ಕಿಬೀಳುವವರ ರೀತಿ ಎರಡು ಕಡೆಯೂ ಒಂದೇ. ಕಣ್ಣೆಲ್ಲ ಆಡುವ ತುದಿಯ ಮೇಲೆ. ಹಿಂದಿರುವ ಬಾಯಿ ಕಾಣುವುದಿಲ್ಲ.

ಹಾಗೆನ್ನುವಾಗ ನನ್ನ ಮನಸ್ಸಿನಲ್ಲಿದ್ದವಳು ತರೀಕೆರೆಯ ಅಕ್ಕ. ಎಂಬತ್ತು ದಾಟಿದೆ, ಒಬ್ಬಳೇ ಇರುತ್ತಾಳೆ, ಭಾವನ ಪಿಂಚಣಿಯೇ ಆಧಾರ. ಆ ವಾರವಷ್ಟೇ ಯಾರೋ ಫೋನ್ ಮಾಡಿ, "ನಿಮ್ಮ ಖಾತೆ ಬಂದ್ ಆಗುತ್ತೆ, ಒಟಿಪಿ ಹೇಳಿ" ಎಂದಿದ್ದ. ಕನ್ನಡಕ ಕೈಗೆ ಸಿಗದೆ ನಂಬರು ಓದಲಾಗಲಿಲ್ಲ, ಅದರಿಂದ ದುಡ್ಡು ಉಳಿಯಿತು. ನಾನು ಎಷ್ಟು ಬಿಡಿಸಿ ಹೇಳಿದರೂ, "ಪಾಪ, ಎಷ್ಟು ಮರ್ಯಾದೆಯಿಂದ ಮಾತಾಡಿದ ಕಣೋ" ಎನ್ನುತ್ತಿದ್ದಳು.

ಮರುದಿನ ಲಿಂಗದಹಳ್ಳಿ ಮೇಲೆ ಇಳಿದು ಅವಳ ಮನೆಗೆ ಹೋದೆವು. ಮೊಮ್ಮಗಳು ವಿಡಿಯೊ ತೋರಿಸಿದಳು. ಅಕ್ಕ ಕನ್ನಡಕ ಏರಿಸಿ, ಎರಡು ಸಲ ಹಾಕಿಸಿಕೊಂಡು ನೋಡಿ, "ಕೂತಲ್ಲೇ ಕೂತು ಹೇಗೆ ಕರೆಯುತ್ತೆ ನೋಡು, ಕಳ್ಳಮುಂಡೇದು!" ಎಂದಳು.

ಕಾಫಿ ಕುಡಿಯುವಾಗ ಅವಳ ಫೋನ್ ಬಂತು. ಎತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೇಳಿದಳು. ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಅಕ್ಕ ಮೊಮ್ಮಗಳ ಕಡೆ ತಿರುಗಿ, ಹಣೆಯ ಮುಂದೆ ತೋರುಬೆರಳು ಅಲ್ಲಾಡಿಸಿ ತೋರಿಸಿ, ಫೋನ್ ಇಟ್ಟುಬಿಟ್ಟಳು.