ಬ್ರಾಕೆಟ್ಟಿನ ಊರಿಗೊಂದು ಹಳೇ ಕ್ಯಾಮರಾ

ನಮ್ಮೂರು ಬ್ರಾಕೆಟ್ಟಿನೊಳಗಿದೆ! ನಂಬದಿದ್ದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಪೂರ್ವದ ಕಟ್ಟಕಡೆಯ ನಿಲ್ದಾಣಕ್ಕೆ ಬನ್ನಿ. ಬೋರ್ಡಿನಲ್ಲಿ ಮೊದಲು ‘ವೈಟ್‌ಫೀಲ್ಡ್’, ಆಮೇಲೆ ಬ್ರಾಕೆಟ್ಟಿನಲ್ಲಿ ‘ಕಾಡುಗೋಡಿ’. ರೈಲ್ವೆಯವರು ಅಷ್ಟೂ ಮರ್ಯಾದೆ ಕೊಟ್ಟಿಲ್ಲ. ಸ್ಟೇಷನ್ ನಮ್ಮೂರಲ್ಲಿ, ಹೆಸರು ಮಾತ್ರ ವೈಟ್‌ಫೀಲ್ಡ್! ಆ ವೈಟ್‌ಫೀಲ್ಡು ಹುಟ್ಟಿದ್ದು 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಜಮೀನು ಕೊಟ್ಟಾಗ. ಐ.ಟಿ.ಪಿ.ಎಲ್. ಪಕ್ಕದ ಪಟ್ಟಂದೂರಿನ ಕೆರೆಗೆ ತೂಬು ಕಟ್ಟಿಸಿದ ಶಾಸನವೋ 1043ರದ್ದು, ಚೋಳರ ಕಾಲದ್ದು. ಯಾರು ಹಳಬರು, ಯಾರು ಬ್ರಾಕೆಟ್ಟಿನಲ್ಲಿರಬೇಕಾದವರು, ನೀವೇ ಹೇಳಿ.

ಇರಲಿ. ನಾನು ಈ ಊರಲ್ಲೇ ಹುಟ್ಟಿ ಈಗ ವಿಜಯನಗರದಲ್ಲಿ ಸಂಸಾರ ಹೂಡಿರುವ ಆಸಾಮಿ. ಮೊದಲು 335-ಇ ಬಸ್ಸಿನಲ್ಲಿ ಕೂತು, ಮಾರತ್‌ಹಳ್ಳಿಯಲ್ಲಿ ಒಂದು ನಿದ್ದೆ ತೆಗೆದು, ಎದ್ದರೂ ಬಸ್ಸು ಮಾರತ್‌ಹಳ್ಳಿಯಲ್ಲೇ ನಿಂತಿರುತ್ತಿತ್ತು. 2023ರ ಮಾರ್ಚ್ 25ರಂದು ಇತ್ತ ಮೆಟ್ರೋ ಉದ್ಘಾಟನೆಯಾಯಿತು. ಮಧ್ಯದ ತುಂಡು ಸೇರಿ ಒಂದೇ ಗಾಡಿಯಲ್ಲಿ ಬರುವಂತಾಗಿದ್ದು ಅದೇ ವರ್ಷ ಅಕ್ಟೋಬರ್ 9ರಿಂದ. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಆ ಗಾಡಿಯಲ್ಲಿ ಬಂದಾಗ ನನ್ನ ಜೇಬಿನಲ್ಲಿ ಎಪ್ಪತ್ತೈದು ಸಾವಿರ ರೂಪಾಯಿ ಇತ್ತು. ಚೀಟಿ ಎತ್ತಿದ ದುಡ್ಡು. ಮಹಡಿ ಸೋರುತ್ತಿದೆ, ಅದನ್ನು ರಿಪೇರಿ ಮಾಡಿಸಬೇಕು ಅಂತ ಮನೆಯಾಕೆ ಎರಡು ವರ್ಷ ಕಟ್ಟಿದ ಚೀಟಿ!

ನಾನು ಹೊರಟಿದ್ದು ಕ್ಯಾಮರಾ ಕೊಳ್ಳೋದಕ್ಕೆ.

ಅಪ್ಪನ ಲೆನ್ಸು

ಕಾರಣ ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ. ನಮ್ಮಪ್ಪ ಕಾಡುಗೋಡಿ ಬಸ್‌ಸ್ಟ್ಯಾಂಡಿನ ಎದುರು ಹತ್ತಡಿ ಅಗಲದ ಸ್ಟುಡಿಯೋ ಇಟ್ಟಿದ್ದವರು. ಅವರ ಕ್ಯಾಮರಾ ರಷ್ಯಾದ ಜೋರ್ಕಿ-4. ಗಾಂಧಿನಗರದಲ್ಲಿ ಸಿನಿಮಾ ಸ್ಟಿಲ್ ತೆಗೆಯುವವರೊಬ್ಬರ ಅಸಿಸ್ಟೆಂಟ್ ಹತ್ತಿರ ಸೆಕೆಂಡ್‌ಹ್ಯಾಂಡಾಗಿ ಕೊಂಡಿದ್ದು. ಅದರ ಷಟರ್ ಪರದೆ ತೂತು ಬಿದ್ದು ಎಷ್ಟೋ ವರ್ಷವಾಯಿತು. ಆದರೆ ಅದರ ಲೆನ್ಸು, ಜುಪಿಟರ್-8, ಇನ್ನೂ ಗಿಣಿಯ ಕಣ್ಣಿನ ಹಾಗಿದೆ. 1969ರಲ್ಲಿ ಆ ಲೆನ್ಸಿನಲ್ಲೇ ಅಪ್ಪ ನಮ್ಮ ದೊಡ್ಡಮ್ಮನ ಫೋಟೋ ತೆಗೆದಿದ್ದರು. ಹೊಸ ಮದುಮಗಳು, ಹಜಾರದ ಕಂಬಕ್ಕೆ ಒರಗಿ ನಿಂತದ್ದು. ಕಪ್ಪು ಬಿಳುಪು.

ಈಗ ಆ ಮನೆ ಮಾರಾಟವಾಗಿತ್ತು. ಬೀದಿಯಲ್ಲಿ ಎರಡೂ ಕಡೆ ಪಿ.ಜಿ. ಬೋರ್ಡುಗಳು. ನಡುವೆ ಇದೊಂದೇ ಹೆಂಚಿನ ಮನೆ. ದೊಡ್ಡಮ್ಮ ಶ್ರಾವಣ ಕಳೆದ ಮೇಲೆ ಮಗನ ಜೊತೆ ಹೊಸಕೋಟೆಗೆ. ಅಷ್ಟರೊಳಗೆ ಅದೇ ಕಂಬ, ಅದೇ ಲೆನ್ಸು, ಅದೇ ದೊಡ್ಡಮ್ಮ... ಒಂದು ಫೋಟೋ ಆಗಬೇಕು ಅನ್ನೋದು ತಲೆಗೆ ಹೊಕ್ಕಿತು. ಫೋನಿನಲ್ಲಿ ತೆಗೀಬಹುದಿತ್ತಲ್ಲ ಅಂತೀರಿ. ತೆಗೀಬಹುದಿತ್ತು!

ಜೋರ್ಕಿಯ ತಿರುಪಿನ ಲೆನ್ಸು ಹಿಡಿಸುವ ಡಿಜಿಟಲ್ ಕ್ಯಾಮರಾಗಳಲ್ಲಿ, ಅಪ್ಪನದರ ಹಾಗೇ ಕಿಂಡಿಯಲ್ಲಿ ನೋಡಿ ದೂರ ಅಳೆಯುವ ‘ರೇಂಜ್‌ಫೈಂಡರ್’ ಜಾತಿಯವು ಬೆರಳೆಣಿಕೆಯಷ್ಟು. ಮೊಟ್ಟಮೊದಲನೆಯದು 2004ರ ಎಪ್ಸನ್ ಆರ್‌-ಡಿ1. ಅದರಲ್ಲಿ ರೀಲೇ ಇಲ್ಲ, ಆದರೂ ಪ್ರತಿ ಫೋಟೋಗೆ ಹಿಡಿ ತಿರುಗಿಸಿ ಷಟರ್ ಎಳೆಯಬೇಕು! ಆಮೇಲೆ 2006ರಲ್ಲಿ ಲೈಕಾ ಎಂ8, 2009ರಲ್ಲಿ ಎಂ9. ಎಂ9ನಲ್ಲಿ ಸೆನ್ಸರ್ ಮೇಲಿನ ಗಾಜಿಗೆ ಕಿಲುಬು ಹಿಡಿಯುವ ರೋಗವುಂಟು. ಮೊದಲು ಕಂಪನಿಯವರೇ ಪುಕ್ಕಟೆ ಬದಲಿಸಿಕೊಡುತ್ತಿದ್ದರು, ಆ ಕಾಲ ಮುಗಿಯಿತು. ನನ್ನ ಚೀಟಿಗೆ ಎಟುಕುವಂತೆ ಸಿಕ್ಕಿದ್ದು ಎಂ8. ಕಾಡುಗೋಡಿಯಲ್ಲೇ ಒಬ್ಬರು ಮಾರುತ್ತಿದ್ದಾರೆ ಅಂತ ಗೊತ್ತಾದಾಗ ಇದು ದೈವಸಂಕಲ್ಪ ಅಂದುಕೊಂಡೆ. ಸಾಲ ಮಾಡುವವನಿಗೆ ಎಲ್ಲವೂ ದೈವಸಂಕಲ್ಪವೇ.

ಅಂದಹಾಗೆ, ಲೈಕಾ ಹುಟ್ಟಿದ್ದೇ ಸಿನಿಮಾದ ಹೊಟ್ಟೆಯಲ್ಲಿ ಅನ್ನೋದು ಚಿತ್ರರಸಿಕರಾದ ನಿಮಗೆ ಗೊತ್ತೇ? ಆಸ್ಕರ್ ಬರ್ನಾಕ್ ಅನ್ನುವ ಜರ್ಮನ್ ಎಂಜಿನಿಯರು ಸಿನಿಮಾದ 35 ಎಂ.ಎಂ. ರೀಲನ್ನೇ ಅಡ್ಡ ಓಡಿಸಿ, ಎರಡು ಸಿನಿಮಾ ಫ್ರೇಮು ಸೇರಿಸಿ ಒಂದು ಫೋಟೋ ಮಾಡಿದ. 1925ರಲ್ಲಿ ಅದು ಅಂಗಡಿಗೆ ಬಂತು.

ಮಾರಿದ ಹುಡುಗ

ಹದಿನಾಲ್ಕನೇ ಮಹಡಿ. ಬಾಗಿಲು ತೆಗೆದವನು ಧಾರವಾಡದ ಹುಡುಗ, ಮೂವತ್ತೈದರ ಆಸುಪಾಸು. “ಬರ್ರಿ ಸರ್, ಚಾ ತೊಗೋತೀರೇನ್ರಿ?” ಅಂದ. ಮೇಜಿನ ಮೇಲೆ ಕರೀ ಬಣ್ಣದ ಕ್ಯಾಮರಾ, ಮೂಲೆಗಳಲ್ಲಿ ಬಣ್ಣ ಹೋಗಿ ಹಿತ್ತಾಳೆ ಇಣುಕುತ್ತಿತ್ತು. ಇವನು ಮೂರನೇ ಒಡೆಯನಂತೆ.

ಹಳೇ ಕ್ಯಾಮರಾ ಕೊಳ್ಳುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ, ಉಪಯೋಗವಾದೀತು. ಮೊದಲು ಕಿಟಕಿಗೆ ಹೋಗಿ ದೂರದ ಕಟ್ಟಡದ ಕ್ರೇನಿನ ಮೇಲೆ ಫೋಕಸ್ ಇಟ್ಟೆ. ರೇಂಜ್‌ಫೈಂಡರಿನ ಕಿಂಡಿಯಲ್ಲಿ ಒಂದೇ ವಸ್ತು ಎರಡಾಗಿ ಕಾಣುತ್ತದೆ, ‘ದಾರಿ ತಪ್ಪಿದ ಮಗ’ದ (1975) ರಾಜ್ ಅವರ ದ್ವಿಪಾತ್ರದ ಹಾಗೆ. ಲೆನ್ಸಿನ ಉಂಗುರ ತಿರುಗಿಸುತ್ತಾ ಹೋದರೆ ಎರಡೂ ಹತ್ತಿರ ಬಂದು ಒಂದಾಗಬೇಕು. ಪಕ್ಕಕ್ಕೂ ಸರಿಯಿರಬೇಕು, ಮೇಲೆ ಕೆಳಗೂ ಸರಿಯಿರಬೇಕು. ಇಲ್ಲದಿದ್ದರೆ ಮೆಕ್ಯಾನಿಕ್ಕಿನ ಖರ್ಚು. ಆಮೇಲೆ ಬಿಳಿಗೋಡೆಯ ಫೋಟೋ, ಧೂಳಿನ ಚುಕ್ಕೆ ನೋಡಲಿಕ್ಕೆ. ಆಮೇಲೆ ಲೆನ್ಸು ಮುಚ್ಚಿ ಕತ್ತಲೆಯ ಫೋಟೋ, ಸತ್ತ ಚುಕ್ಕೆ ನೋಡಲಿಕ್ಕೆ. ಬೆನ್ನಿನ ಪುಟ್ಟ ಪರದೆಯ ಮೂಲೆಗಳಲ್ಲಿ ಕಾಫಿ ಚೆಲ್ಲಿದಂಥ ಕಲೆ ಇದೆಯೇ ಅಂತ ಕಣ್ಣಾಡಿಸಿದೆ. ಇರಲಿಲ್ಲ. ಬ್ಯಾಟರಿ ಮುದಿಯಾಗಿತ್ತು. ಅಡಿಯ ತಟ್ಟೆ ಪೂರ್ತಿ ಕಳಚಿದರೇ ಬ್ಯಾಟರಿಯೂ ಕಾರ್ಡೂ ಕೈಗೆ ಸಿಗೋದು, ಹಳೇ ಕಾಲದಲ್ಲಿ ರೀಲು ಹಾಕುತ್ತಿದ್ದ ಹಾಗೆ.

ಎಂಬತ್ತು ಹೇಳಿದ. ಅರವತ್ತೈದರಿಂದ ಶುರು ಮಾಡೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ, “ಮಾರೂದು ಮನಸ್ಸಿಲ್ರಿ ಸರ್. ಕೆಲಸ ಹೋಗಿ ಮೂರು ತಿಂಗಳಾತು. ಮನೀ ಕಂತು ಕಟ್ಟಬೇಕಲ್ರಿ” ಅಂದ. ಒಳಗಿನಿಂದ ಮಗು ಅಳುವ ಸದ್ದು. ನನ್ನ ಅರವತ್ತೈದು ಗಂಟಲಲ್ಲೇ ಉಳಿಯಿತು. ಎಪ್ಪತ್ತೈದು ಎಣಿಸಿಕೊಟ್ಟೆ. “ಇದರ ಫಿಲ್ಟರ್ ನನ್ನ ಕಡೆ ಇಲ್ರಿ, ನೀವು ತೊಗೊಂಡ್ಬಿಡ್ರಿ” ಅಂತ ಲಿಫ್ಟಿನವರೆಗೆ ಬಂದು ಹೇಳಿದ. ನಾನು ತಲೆ ಆಡಿಸಿದೆ. ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಅದರ ಕಥೆ ಮುಂದಿದೆ.

ಸಂಬಂಧ ಕೂಡಿತು, ಗಣ ಕೂಡಲಿಲ್ಲ

ಕೆಳಗಿಳಿದವನೇ ಕನೆಕ್ಟರ್ ಉಂಗುರ ಹಾಕಿ ಅಪ್ಪನ ಲೆನ್ಸು ತಿರುಗಿಸಿ ಕೂರಿಸಿದೆ. ರೈಲ್ವೆ ಹಳಿಯ ಕಡೆ ನಡೆದೆ. ಕಂಟೇನರ್ ಹೊತ್ತ ಗೂಡ್ಸ್ ಗಾಡಿ ಅಷ್ಟುದ್ದ ಬರುತ್ತಿತ್ತು. ಚಕಚಕ ಹನ್ನೆರಡು ಫೋಟೋ ಹೊಡೆದೆ. ಪರದೆ ನೋಡಿದರೆ ಹನ್ನೆರಡೂ ಅಮಾವಾಸ್ಯೆ. ಲೆನ್ಸಿನ ಮುಚ್ಚಳ ತೆಗೆದೇ ಇರಲಿಲ್ಲ! ಈ ಜಾತಿಯ ಕ್ಯಾಮರಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಬೀಳುವ ಕಣ್ಣು ಬೇರೆ. ಅದು ನೋಡುತ್ತಿದೆ ಅಂತ ನೀವು ನಂಬಬೇಕು, ಅಷ್ಟೇ. ಅಪ್ಪನೂ ಹೀಗೆ ಒಂದು ಮದುವೆಯ ಅರ್ಧ ರೀಲು ಕಳೆದು ಬೀಗರ ಕೈಯಲ್ಲಿ ಸಿಕ್ಕಿಬಿದ್ದಿದ್ದರು.

ಆದರೆ ಆ ಕಿಂಡಿಯ ಸುಖವೇ ಬೇರೆ. ಚೌಕಟ್ಟಿನ ಗೆರೆಯ ಹೊರಗೂ ಲೋಕ ಕಾಣುತ್ತಿರುತ್ತದೆ. ಹೋಪ್‌ಫಾರಂ ಸರ್ಕಲ್ಲಿನಲ್ಲಿ ನಿಂತರೆ, ನೀರಿನ ಟ್ಯಾಂಕರ್ ಚಿತ್ರದೊಳಗೆ ನುಗ್ಗುವ ಮುಂಚೆಯೇ ಅದು ಬರುತ್ತಿರುವುದು ಗೊತ್ತಾಗುತ್ತದೆ. ಕಡ್ಲೆಕಾಯಿ ಗಾಡಿಯವನು, ಕೊರಳಿಗೆ ಗುರುತಿನ ಚೀಟಿ ತಗಲಿಸಿಕೊಂಡು ಓಡುವ ಹುಡುಗಿಯರು, ಕಾಶಿ ವಿಶ್ವೇಶ್ವರನ ಗುಡಿಗೆ ಹೂವಿನ ಬುಟ್ಟಿ ಹೊತ್ತವರು ಎಲ್ಲರೂ ತಮ್ಮ ಸರದಿಗೆ ಚೌಕಟ್ಟಿನೊಳಗೆ ಬಂದು ಹೋಗುತ್ತಾರೆ. ಎಂ8ನ ಸೆನ್ಸರ್ ಹಳೇ ರೀಲಿಗಿಂತ ಚಿಕ್ಕದು. ಹಾಗಾಗಿ 50ರ ಲೆನ್ಸು ಸುಮಾರು 67ರ ಲೆನ್ಸಿನ ಹಾಗೆ ಕೆಲಸ ಮಾಡುತ್ತದೆ. ಮುಖ ತೆಗೆಯೋದಕ್ಕೆ ಒಳ್ಳೆಯದೇ. ಸಂಜೆಯಾದರೆ ಮಾತ್ರ ಕಷ್ಟ, ಐ.ಎಸ್.ಓ. 640 ದಾಟಿಸಿದರೆ ಚಿತ್ರದ ತುಂಬ ರವೆ ಉದುರಿಸಿದ ಹಾಗೆ.

ಮಾರನೇ ಭಾನುವಾರ ದೊಡ್ಡಮ್ಮನ ಮನೆ.

“ಏನ್ಲಾ ಇದು, ನಿಮ್ಮಪ್ಪನ ಡಬ್ಬಾನಾ?” ಅಂದಳು. ಕಂಬಕ್ಕೆ ಒರಗಿ ನಿಲ್ಲಿಸಿದೆ. ಒಂದು ಮೀಟರಿನ ದೂರ, ಎರಡು ಬಿಂಬವೂ ಅವಳ ಕಣ್ಣಿನ ಮೇಲೆ ಚೆನ್ನಾಗಿ ಕೂಡಿಸಿ ಒತ್ತಿದೆ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಕಣ್ಣು ಮಂಜು ಮಂಜು, ಕಿವಿಯ ಓಲೆ ಮಾತ್ರ ಫಳಫಳ! ಮತ್ತೆ ತೆಗೆದೆ. ಮತ್ತೆ ಓಲೆ. ಅಪ್ಪನ ಲೆನ್ಸಿಗೆ ಏನಾಯಿತು ಅಂತ ಎದೆ ಹೊಡೆದುಕೊಂಡಿತು.

ಆಗಿದ್ದು ಇಷ್ಟೇ. ಜುಪಿಟರಿನ ತವರು ಜರ್ಮನಿಯೇ, ಜೈಸ್ ಸೊನ್ನಾರ್ ಅನ್ನುವ ಲೆನ್ಸಿನ ನಕ್ಷೆ. ಮಹಾಯುದ್ಧದ ನಂತರ ರಷ್ಯಾಕ್ಕೆ ಹೋಗಿ ಅಲ್ಲೇ ತಯಾರಾಯಿತು. ಜೈಸ್‌ನವರ 50 ಎಂ.ಎಂ. ಅಂದರೆ ನಿಜದಲ್ಲಿ 52.4, ಲೈಕಾದವರದು 51.6. ಜೋರ್ಕಿಗೆ ಅಳತೆ ಮಾಡಿ ಕೂರಿಸಿದ ಲೆನ್ಸು ಲೈಕಾ ಮನೆಗೆ ಬಂದರೆ ದೂರದಲ್ಲಿ ಎಲ್ಲ ಸರಿ, ಹತ್ತಿರ ಬಂದಾಗ ಜಗಳ. ಸಂಬಂಧ ಕೂಡಿತು, ಗಣ ಕೂಡಲಿಲ್ಲ ಅಂತಾರಲ್ಲ, ಹಾಗೆ. ಫೋಕಸ್ ಮುಖಕ್ಕಿಂತ ಒಂದೆರಡು ಬೆರಳು ಹಿಂದೆ ಬೀಳುತ್ತದೆ. ಇದು ಗೊತ್ತಾಗಲಿಕ್ಕೆ ಮನೆಯ ಗೋಡೆಗೆ ಅಳತೆಪಟ್ಟಿ ಅಂಟಿಸಿ ಎರಡು ರಾತ್ರಿ ಕೂತಿದ್ದೆ. ಮದ್ದು ಸುಲಭ, ಬಿಂಬ ಕೂಡಿಸಿದ ಮೇಲೆ ಉಸಿರು ಬಿಗಿಹಿಡಿದು ಎರಡು ಬೆರಳಷ್ಟು ಹಿಂದಕ್ಕೆ ವಾಲಬೇಕು! ಆ ಎರಡು ರಾತ್ರಿಯಲ್ಲೇ ಮನೆಯಾಕೆಗೂ ಕ್ಯಾಮರಾ ಕಂಡಿತು. ಚೀಟಿ ಎಲ್ಲಿ ಹೋಯಿತು ಅಂತಲೂ ಗೊತ್ತಾಯಿತು. ಆ ದೃಶ್ಯಕ್ಕೆ ಕತ್ತರಿ ಹಾಕಿದ್ದೇನೆ, ಕ್ಷಮಿಸಿ.

ಬದನೇಕಾಯಿ ರವಿಕೆ

ಮುಂದಿನ ವಾರ ಹೋಗಿ ಹಿಂದಕ್ಕೆ ವಾಲಿ ತೆಗೆದೆ. ಕಣ್ಣು ಬಂತು! ಒಂದೊಂದು ಸುಕ್ಕೂ ಬಂತು. ಕುಣಿಯುತ್ತಾ ಪರದೆ ತೋರಿಸಿದೆ. ದೊಡ್ಡಮ್ಮ ಕನ್ನಡಕ ಹಾಕಿ, ಕ್ಯಾಮರಾ ದೂರ ಹಿಡಿದು ನೋಡಿ, “ಅದ್ಯಾಕ್ಲಾ, ನನ್ ಕರೇ ರವಿಕೆ ಬದ್ನೇಕಾಯಾಗೈತೆ?” ಅಂದಳು.

ಹೌದು ಸ್ವಾಮಿ. ಕಪ್ಪು ಪಾಲಿಯೆಸ್ಟರ್ ರವಿಕೆ ನಮ್ಮ ಮೆಟ್ರೋ ಮಾರ್ಗದ ನೇರಳೆ ಬಣ್ಣಕ್ಕೆ ತಿರುಗಿತ್ತು! ಧಾರವಾಡದ ಹುಡುಗ ಲಿಫ್ಟಿನ ಹತ್ತಿರ ಹೇಳಿದ್ದು ಆಗ ತಲೆಗಿಳಿಯಿತು. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳೂ ಲೆನ್ಸಿನೊಳಗೆ ಬರುತ್ತವೆ. ಸೆನ್ಸರ್ ಮುಂದಿನ ಗಾಜು ನಮ್ಮ ಸೆನ್ಸಾರ್ ಮಂಡಳಿಯ ಹಾಗೆ ಅವಕ್ಕೆ ಕತ್ತರಿ ಹಾಕಬೇಕು. ರೇಂಜ್‌ಫೈಂಡರಿನಲ್ಲಿ ಲೆನ್ಸು ಸೆನ್ಸರಿಗೆ ತೀರ ಹತ್ತಿರ. ಗಾಜು ದಪ್ಪವಾದರೆ ಚಿತ್ರದ ಮೂಲೆ ಕೆಡುತ್ತದೆ ಅಂತ ಎಂ8ನಲ್ಲಿ ಅದನ್ನು ಅರ್ಧ ಮಿಲಿಮೀಟರಿಗೆ ಇಳಿಸಿದರು. ಮೂಲೆ ಚೆನ್ನಾಯಿತು, ಕತ್ತರಿ ಮೊಂಡಾಯಿತು. ಕೃತಕ ನೂಲಿನ ಕಪ್ಪು ಬಟ್ಟೆ ಆ ಕಿರಣವನ್ನು ಹಿಂದಕ್ಕೆಸೆಯುತ್ತದಾದ್ದರಿಂದ ನೇರಳೆಯಾಗುತ್ತದೆ. ಆ ಕಾಲದಲ್ಲಿ ಕೊಂಡವರಿಗೆ ಲೆನ್ಸಿನ ಮುಂದೆ ಹಾಕುವ ಫಿಲ್ಟರು ಎರಡೆರಡು ಪುಕ್ಕಟೆ ಕೊಟ್ಟರು. ಮೂರನೇ ಒಡೆಯನ ಕೈಗೆ ಬರುವಷ್ಟರಲ್ಲಿ ಅವು ಕಳೆದಿದ್ದವು. ಅಪ್ಪನ ಲೆನ್ಸಿನ 40.5ರ ಸೈಜಿಗೆ ಅಂಥ ಫಿಲ್ಟರು ಹುಡುಕಿ ಎಸ್.ಪಿ. ರಸ್ತೆ, ಅವೆನ್ಯೂ ರಸ್ತೆ ಎಲ್ಲ ಸುತ್ತಿದೆ. ಸಿಗಲಿಲ್ಲ. ಶ್ರಾವಣ ಮುಗಿಯುತ್ತಾ ಬಂತು.

ಹತ್ತಿ ರವಿಕೆ ಹಾಕ್ಕೋ ಅಂದರೆ ದೊಡ್ಡಮ್ಮ ಒಪ್ಪಲಿಲ್ಲ. ಇದು ಮಗಳು ತಂದದ್ದಂತೆ. “ನಿಮ್ಮಪ್ಪ ಬಣ್ಣ ಹಾಕಿದ್ನೇನ್ಲಾ?” ಅಂತ ಅವಳೇ ಕೇಳಿದಳು.

ಇಲ್ಲವಲ್ಲ! ಕ್ಯಾಮರಾದ ಮೆನುವಿನಲ್ಲಿ ಬಣ್ಣ ಕಿತ್ತು ಕಪ್ಪು ಬಿಳುಪಿಗೆ ಹಾಕಿದೆ. ಕಾಯುತ್ತಿದ್ದದ್ದೇ ಇದಕ್ಕೋ ಅನ್ನುವ ಹಾಗೆ ಆ ಹಳೇ ಯಂತ್ರ ಕೆಲಸ ಮಾಡಿತು. ಬಣ್ಣದಲ್ಲಿ ಕಾಟ ಕೊಟ್ಟ ಆ ಅವಗೆಂಪೇ ಚರ್ಮಕ್ಕೆ ಒಂದು ಹೊಳಪು ಕೊಡುತ್ತದೆ. ಹಜಾರದ ಗವಾಕ್ಷಿಯಿಂದ ಬೆಳಕಿನ ಕೋಲು ಅವಳ ಭುಜದ ಮೇಲೆ ಇಳಿದಿತ್ತು. ಬೆಳಕಿನ ಕೋಲು ಅಂದ ತಕ್ಷಣ ನಿಮಗೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ನಲ್ಲಿ ಮಾಡಿದ್ದು ನೆನಪಾಗಬಹುದು. ಅವರದು ಕನ್ನಡಿ ಹಿಡಿದು ತರಿಸಿದ ಬೆಳಕು, ನನ್ನದು ಒಡೆದ ಹೆಂಚಿನದು. ಎರಡು ಬೆರಳು ಹಿಂದಕ್ಕೆ ವಾಲಿ ಒತ್ತಿದೆ. ಕ್ಲಿಕ್ ಅಂತ ಷಟರು, ಹಿಂದೆಯೇ ಮೋಟಾರಿನ ಕರ್ರ್ ಸದ್ದು. “ಏನೋ ಗೊರಕೆ ಹೊಡೀತದಲ್ಲೋ” ಅಂತ ನಕ್ಕಳು. ಆ ನಗುವಿಗೆ ಇನ್ನೊಂದು ಒತ್ತಿದೆ. ಅದೇ ಬಂದಿದ್ದು.

ಪ್ರಿಂಟು ಹಾಕಿಸಿ ಕಾಡುಗೋಡಿಗೆ ಹೋಗುವ ಹೊತ್ತಿಗೆ ಬೀದಿಯಲ್ಲಿ ಜೆ.ಸಿ.ಬಿ. ನಿಂತಿತ್ತು. ಹೆಂಚುಗಳನ್ನು ಮೊದಲೇ ಇಳಿಸಿ ಪಕ್ಕಕ್ಕೆ ಜೋಡಿಸಿದ್ದರು. ಆ ಕಂಬ ಟೆಂಪೋದಲ್ಲಿ ಅಡ್ಡ ಮಲಗಿತ್ತು, ಯಾರೋ ಹೋಟೆಲಿನವರು ಅಲಂಕಾರಕ್ಕೆ ಕೊಂಡರಂತೆ. ನಾನು ಅದರ ಫೋಟೋ ತೆಗೆಯಲಿಲ್ಲ. ಕ್ಯಾಮರಾ ಹೆಗಲಲ್ಲೇ ಇತ್ತು.

ಹೊಸಕೋಟೆಗೆ ಬಸ್ಸು ಹತ್ತಿದೆ. ದೊಡ್ಡಮ್ಮ ಟ್ರಂಕಿನಿಂದ 1969ರದ್ದನ್ನು ತೆಗೆದು ಎರಡನ್ನೂ ಹಾಸಿಗೆ ಮೇಲೆ ಪಕ್ಕ ಪಕ್ಕ ಇಟ್ಟಳು. ತುಂಬ ಹೊತ್ತು ನೋಡಿದ್ದು ತನ್ನನ್ನಲ್ಲ, ಕಂಬವನ್ನು. ಹೊರಡುವಾಗ ಸೊಂಟದ ಚೀಲ ಬಿಚ್ಚಿ ಹತ್ತು ರೂಪಾಯಿ ಕೈಗಿಟ್ಟಳು. “ನಿಮ್ಮಪ್ಪ ಆವತ್ತು ಕಾಸು ಇಸ್ಕೊಳ್ಳಿಲ್ಲ. ನೀನಾದ್ರೂ ಇಸ್ಕೊ.”

ಮನೆಗೆ ಬಂದು ಆ ನೋಟನ್ನು ಮನೆಯಾಕೆಗೆ ಕೊಟ್ಟೆ. ಹೊರಗೆ ಮಳೆ. ಹಾಲಿನ ನಡುವೆ ಬಕೆಟ್ಟಿಗೆ ಟಪ್ ಟಪ್ ಅಂತ ಹನಿ ಬೀಳುತ್ತಿತ್ತು. ಆಕೆ ನೋಟನ್ನು ಎರಡೂ ಕಡೆ ತಿರುಗಿಸಿ ನೋಡಿ, “ಸರಿ ರೀ, ಇನ್ನು ಎಪ್ಪತ್ತನಾಲ್ಕು ಸಾವಿರದ ಒಂಬೈನೂರ ತೊಂಬತ್ತು ಬರಬೇಕು” ಅಂದಳು.